ಮನುಕುಲ ಅಳಿಯುವ ಸಂಭವ ಎಷ್ಟು? ನೀವೇ ತೂಗಿ ನೋಡುವ ಬಗೆ

ಧಾರವಾಡದ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಸಂಭವನೀಯತೆಯ ಅಧ್ಯಾಯ ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ಮನುಷ್ಯರೆಲ್ಲ ಅಳಿದುಹೋಗುವ ಸಂಭವ ಎಷ್ಟು?" ಉಳಿದವರು ನಗುತ್ತಾರೆ, ಕೇಳಿದವರು ನಗುವುದಿಲ್ಲ. ಈ ಪ್ರಶ್ನೆಯನ್ನು ನಾನು ಎಂದೂ ತಳ್ಳಿಹಾಕಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಜಿನೀವಾ ಬಳಿಯ ದೊಡ್ಡ ಕಣ ವೇಗವರ್ಧಕ (ಅತಿ ಸಣ್ಣ ಕಣಗಳನ್ನು ಡಿಕ್ಕಿ ಹೊಡೆಸಿ ನೋಡುವ ಯಂತ್ರ) ಚಾಲೂ ಆಗುವ ಹೊತ್ತಿಗೆ, ಭೂಮಿಯನ್ನೇ ಕಪ್ಪುಕುಳಿ ನುಂಗಿಬಿಡುತ್ತದೆ ಎಂದು ನಮ್ಮ ದೇಶದ ಕೆಲವು ಟಿವಿ ವಾಹಿನಿಗಳು ಹೇಳಿದ್ದೇ ಹೇಳಿದವು. ಮಧ್ಯಪ್ರದೇಶದ ಹದಿಹರೆಯದ ಹುಡುಗಿಯೊಬ್ಬಳು ಅದನ್ನು ನೋಡಿ ಹೆದರಿ ಪ್ರಾಣ ಕಳೆದುಕೊಂಡಳೆಂದು ಅವಳ ತಂದೆ ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಲೆಕ್ಕ ಹಾಕಲು ಬರುವವರು ಸುಮ್ಮನಿದ್ದರೆ ಲೆಕ್ಕ ಬಾರದವರ ಕೂಗಷ್ಟೇ ಮಕ್ಕಳ ಕಿವಿಗೆ ಬೀಳುತ್ತದೆ.

ಹಾಗಾಗಿ ತರಗತಿಯಲ್ಲಿ ಬಳಸುವ ವಿಧಾನವನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ನೋಟ್‌ಬುಕ್ಕು, ಕ್ಯಾಲ್ಕುಲೇಟರ್ ಇರುವ ಮೊಬೈಲ್ ಸಾಕು. ಭಾಗಾಕಾರ ಬಂದರೆ ಸಾಕು.

ಪ್ರಶ್ನೆಯನ್ನು ಪೂರ್ತಿಯಾಗಿ ಬರೆಯಿರಿ

"ಜಗತ್ತು ಮುಗಿಯುತ್ತದೆಯೇ?" ಎಂಬ ಪ್ರಶ್ನೆಗೆ ಯಾರೂ ಅಂಕಿ ಕೊಡಲಾರರು. ನೋಟ್‌ಬುಕ್ಕಿನಲ್ಲಿ ಹೀಗೆ ಬರೆಯಿರಿ: ಇಂಥ ವರ್ಷದೊಳಗೆ, ಇಂಥ ಕಾರಣದಿಂದ, ಭೂಮಿಯ ಮೇಲೆ ಒಬ್ಬ ಮನುಷ್ಯನೂ ಉಳಿಯದಂತಾಗುವ ಸಂಭವ. ಯಾವ ಸುದ್ದಿ ಬಂದರೂ ಈ ಮೂರು ಜಾಗಗಳನ್ನು (ವರ್ಷ, ಕಾರಣ, ಒಬ್ಬರೂ ಉಳಿಯದಿರುವುದು) ತುಂಬಲು ನೋಡಿ. ಬಹಳಷ್ಟು ಸುದ್ದಿಗಳು ಮೂರನೆಯದರಲ್ಲೇ ಬಿದ್ದುಹೋಗುತ್ತವೆ.

1979ರ ಜುಲೈಯಲ್ಲಿ ಅಮೆರಿಕದ ಸ್ಕೈಲ್ಯಾಬ್ ಬೀಳುತ್ತದೆಂಬ ಸುದ್ದಿ ಬಂದಾಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಹೇಗೂ ಎಲ್ಲರೂ ಸಾಯುವವರೇ ಎಂದು ನಮ್ಮ ಊರಿನಲ್ಲಿ ಸಾಕಿದ ಕೋಳಿಗಳನ್ನೆಲ್ಲ ಕೊಯ್ದು ಉಂಡವರಿದ್ದರು. ಬೀಳಲಿದ್ದದ್ದು ಒಂದು ಬಾಹ್ಯಾಕಾಶ ನಿಲ್ದಾಣದ ಚೂರುಗಳು. ಅವು ಬಿದ್ದದ್ದು ಹಿಂದೂ ಮಹಾಸಾಗರದಲ್ಲಿ ಮತ್ತು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಒಂದು ಊರಿಗೆ ಆಗಬಹುದಾದ ಅಪಾಯವನ್ನು ಇಡೀ ಮನುಕುಲದ ಅಪಾಯವೆಂದು ಓದಿಕೊಂಡಾಗ ಹೀಗಾಗುತ್ತದೆ.

ಇದು ಸಣ್ಣ ಅಪಾಯದ ಮಾತಾಯಿತು. ಘೋರ ಅಪಾಯಗಳಲ್ಲೂ ಈ ಭೇದ ನಿಲ್ಲುತ್ತದೆ. 1918ರ ಇನ್‌ಫ್ಲುಯೆಂಜಾ ಭಾರತವೊಂದರಲ್ಲೇ ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಅಣ್ವಸ್ತ್ರ ಯುದ್ಧದ ಹೊಗೆ ಸೂರ್ಯನ ಬೆಳಕನ್ನು ತಡೆದು ಬೆಳೆ ಕೆಡಿಸಿದರೆ ಏನಾಗಬಹುದೆಂದು 2022ರಲ್ಲಿ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿತು: ಭಾರತ–ಪಾಕಿಸ್ತಾನ ಯುದ್ಧದಿಂದ 200 ಕೋಟಿಗೂ ಹೆಚ್ಚು, ಅಮೆರಿಕ–ರಷ್ಯಾ ಯುದ್ಧದಿಂದ 500 ಕೋಟಿಗೂ ಹೆಚ್ಚು ಜನ ಸಾಯಬಹುದು. ಬರೆಯುವಾಗ ನನ್ನ ಕೈ ನಡುಗುವಂಥ ಅಂಕಿಗಳಿವು. ಆದರೂ ಇವು ಅಳಿವಿನ ಅಂಕಿಗಳಲ್ಲ. ಈ ಭೇದ ಮಾಡುವುದು ನಿರ್ದಯತೆ ಎಂದು ಕೆಲವರಿಗೆ ಅನ್ನಿಸುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ; ಎರಡನ್ನೂ ಬೆರೆಸಿದರೆ ಎರಡಕ್ಕೂ ಸರಿಯಾದ ಅಂಕಿ ಸಿಗುವುದಿಲ್ಲ.

ನಮಗೆ ಹತ್ತಿರದ ಉದಾಹರಣೆಯೊಂದಿದೆ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿಯಿತು. ಕಳೆದ ಇಪ್ಪತ್ತು ಲಕ್ಷ ವರ್ಷಗಳ ಅತಿ ದೊಡ್ಡ ಸ್ಫೋಟಗಳಲ್ಲಿ ಅದೊಂದು. ಅದರಿಂದ ಮನುಷ್ಯರ ಸಂಖ್ಯೆ ಕೆಲವೇ ಸಾವಿರಕ್ಕೆ ಇಳಿದಿತ್ತು, ನಾವು ಅಳಿವಿನ ಅಂಚಿಗೆ ಹೋಗಿಬಂದೆವು ಎಂಬ ವಾದ ಬಹಳ ಕಾಲ ನಡೆಯಿತು. ಟೋಬಾದ ಬೂದಿ ಆಂಧ್ರದ ಕರ್ನೂಲು ಭಾಗದ ಜ್ವಾಲಾಪುರದಲ್ಲಿ ದಪ್ಪ ಪದರವಾಗಿ ಸಿಗುತ್ತದೆ. ನಮ್ಮದೇ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಮೈಕಲ್ ಪೆಟ್ರಾಗ್ಲಿಯಾ ಅವರ ತಂಡ ಅಲ್ಲಿ ಅಗೆದು 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಬೂದಿಯ ಕೆಳಗೂ ಶಿಲಾಯುಧಗಳಿದ್ದವು, ಮೇಲೂ ಇದ್ದವು, ಎರಡೂ ಒಂದೇ ಬಗೆಯವು. ಆ ಬೂದಿ ಸುರಿದ ನೆಲದಲ್ಲೇ ಜನ ಮತ್ತೆ ಕಲ್ಲು ಕೆತ್ತುತ್ತ ಕುಳಿತಿದ್ದರು. "ಅಷ್ಟು ದೊಡ್ಡ ಅನಾಹುತವಾದರೆ ಯಾರೂ ಉಳಿಯುವುದಿಲ್ಲ" ಎಂದು ಯಾರಾದರೂ ಸಲೀಸಾಗಿ ಹೇಳಿದಾಗ ನನಗೆ ನೆನಪಾಗುವುದು ಜ್ವಾಲಾಪುರ.

ಅಪಾಯದ ವಯಸ್ಸು ಕೇಳಿ

ಇಡೀ ವಿಧಾನದಲ್ಲಿ ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಿರಿ. ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮವೆಂದಿದೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನಡೆಯದ ಘಟನೆಯೊಂದರ ವಾರ್ಷಿಕ ಸಂಭವ ಹೆಚ್ಚೆಂದರೆ ಎಷ್ಟಿರಬಹುದು? 3ನ್ನು ವರ್ಷಗಳ ಸಂಖ್ಯೆಯಿಂದ ಭಾಗಿಸಿ. ಶೇ 95ರಷ್ಟು ಭರವಸೆಯಿಂದ ಹೇಳಬಹುದಾದ ಮೇಲ್ಮಿತಿ ಅದು. ಹೊಸ ಔಷಧದ ಪ್ರಯೋಗದಲ್ಲಿ ಅಡ್ಡಪರಿಣಾಮವೇ ಕಾಣದಿದ್ದಾಗ ವೈದ್ಯಕೀಯ ಸಂಶೋಧಕರು ಬಳಸುವುದೂ ಇದನ್ನೇ.

ಈಗ ಹಳೆಯ ಅಪಾಯಗಳನ್ನು ತೆಗೆದುಕೊಳ್ಳಿ: ಕ್ಷುದ್ರಗ್ರಹ, ಜ್ವಾಲಾಮುಖಿ, ಹಿಮಯುಗ, ನೈಸರ್ಗಿಕ ರೋಗ. ಮೊರಾಕೊದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕ ಪಳೆಯುಳಿಕೆಗಳ ಪ್ರಕಾರ ನಮ್ಮ ಪ್ರಭೇದಕ್ಕೆ ಸುಮಾರು 3 ಲಕ್ಷ ವರ್ಷ ವಯಸ್ಸು. ಅಷ್ಟೂ ಕಾಲ ಈ ಅಪಾಯಗಳು ಇದ್ದವು, ನಾವೂ ಇದ್ದೆವು. 3 ಭಾಗಿಸು 3 ಲಕ್ಷ. ವರ್ಷಕ್ಕೆ ಲಕ್ಷದಲ್ಲಿ ಒಂದು. ಒಂದು ಶತಮಾನಕ್ಕೆ ಸಾವಿರದಲ್ಲಿ ಒಂದು. ಇದು ಮೇಲ್ಮಿತಿ, ನಿಜವಾದ ಸಂಭವ ಇನ್ನೂ ಕಡಿಮೆ ಇದ್ದೀತು. ನಂಬಿಕೆ ಬರದಿದ್ದರೆ ತಿರುಗಿಸಿ ನೋಡಿ: ವಾರ್ಷಿಕ ಸಂಭವ ಹತ್ತು ಸಾವಿರದಲ್ಲಿ ಒಂದು ಇದ್ದಿದ್ದರೆ ನಾವು 3 ಲಕ್ಷ ವರ್ಷ ಬದುಕಿ ಉಳಿಯುವ ಸಂಭವ ಸುಮಾರು ಹತ್ತು ಲಕ್ಷ ಕೋಟಿಯಲ್ಲಿ ಒಂದಾಗುತ್ತಿತ್ತು.

ಇಲ್ಲಿ ಚುರುಕಿನ ವಿದ್ಯಾರ್ಥಿಗಳು ಕೈ ಎತ್ತುತ್ತಾರೆ. ಅಳಿದುಹೋಗಿದ್ದರೆ ಈ ಲೆಕ್ಕ ಹಾಕಲು ನಾವು ಇರುತ್ತಿರಲಿಲ್ಲವಲ್ಲ, ಬದುಕಿ ಉಳಿದವರು ತಮ್ಮ ಉಳಿವನ್ನೇ ಸಾಕ್ಷಿಯಾಗಿ ತರಬಹುದೇ? ಬಹಳ ಒಳ್ಳೆಯ ಆಕ್ಷೇಪ. ಅದಕ್ಕಾಗಿಯೇ ಬೇರೆ ಸಾಕ್ಷಿಗಳನ್ನೂ ನೋಡಬೇಕು. ಸಸ್ತನಿಗಳ ಒಂದು ಪ್ರಭೇದ ಸಾಮಾನ್ಯವಾಗಿ ಹತ್ತು ಲಕ್ಷ ವರ್ಷದ ಆಸುಪಾಸು ಬಾಳುತ್ತದೆ. ನಮ್ಮ ದಾಯಾದಿಗಳಾದ ನಿಯಾಂಡರ್ತಲ್ ಮಾನವರು ಲಕ್ಷಾಂತರ ವರ್ಷ ಬಾಳಿ ಸುಮಾರು 40,000 ವರ್ಷಗಳ ಹಿಂದೆ ಮರೆಯಾದರು. ಡೈನೊಸಾರ್‌ಗಳನ್ನು ಮುಗಿಸಿದ, ಸುಮಾರು 10 ಕಿಲೋಮೀಟರ್ ಅಗಲದ ಕ್ಷುದ್ರಗ್ರಹ ಬಡಿದದ್ದು 6.6 ಕೋಟಿ ವರ್ಷಗಳ ಹಿಂದೆ; ಬೀದರ, ಕಲಬುರಗಿ, ವಿಜಯಪುರಗಳ ಕಪ್ಪು ಕಲ್ಲಾಗಿ ನಿಂತಿರುವ ಲಾವಾ ಹರಿದದ್ದೂ ಹೆಚ್ಚುಕಡಿಮೆ ಆ ಕಾಲದಲ್ಲೇ. ಈ ಸಾಕ್ಷಿಗಳು ನಮ್ಮ ಉಳಿವನ್ನು ನೆಚ್ಚಿಕೊಂಡಿಲ್ಲ. ಆದರೂ ಅವು ತೋರಿಸುವುದು ಅದೇ ದಿಕ್ಕನ್ನು.

ಇನ್ನು ಹೊಸ ಅಪಾಯಗಳು. ಅಣುಬಾಂಬು 1945ರದು, ಅಂದರೆ ಸುಮಾರು 80 ವರ್ಷ. 3 ಭಾಗಿಸು 80. ವರ್ಷಕ್ಕೆ ಶೇ 3.75. ಇಷ್ಟು ವರ್ಷ ಬದುಕಿದ್ದೇವೆ ಎಂಬುದು ನಮಗೆ ಹೇಳುವುದು ಇಷ್ಟನ್ನೇ: ಬಾಂಬಿನಿಂದ ಅಳಿಯುವ ವಾರ್ಷಿಕ ಸಂಭವ ಶೇ 3.75ಕ್ಕಿಂತ ಹೆಚ್ಚಿರಲಾರದು. ಅದರ ಕೆಳಗೆ ಎಲ್ಲಿ ಬೇಕಾದರೂ ಇರಬಹುದು. ಪ್ರಯೋಗಾಲಯದಲ್ಲಿ ರೂಪಿಸಿದ ರೋಗಾಣುವಿನ ವಯಸ್ಸು ಅದಕ್ಕಿಂತ ಕಡಿಮೆ. ಮನುಷ್ಯನನ್ನು ಮೀರಿಸುವ ಕೃತಕ ಬುದ್ಧಿಮತ್ತೆ ಇನ್ನೂ ಹುಟ್ಟಿಯೇ ಇಲ್ಲ. ಅಲ್ಲಿ ಭಾಗಿಸುವುದಕ್ಕೂ ಏನೂ ಇಲ್ಲ.

"ಸಾವಿರಾರು ವರ್ಷಗಳಿಂದ ಎಲ್ಲವನ್ನೂ ಗೆದ್ದು ಬಂದಿದ್ದೇವೆ, ಇದನ್ನೂ ಗೆಲ್ಲುತ್ತೇವೆ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಜ್ವಾಲಾಮುಖಿಯ ಮಟ್ಟಿಗೆ ಅದು ಗಟ್ಟಿ ವಾದ. ಬಾಂಬಿನ ಮಟ್ಟಿಗೆ ಅದರಲ್ಲಿ ಹುರುಳಿಲ್ಲ. 1962ರ ಅಕ್ಟೋಬರ್ 27ರಂದು ಕ್ಯೂಬಾ ಬಳಿಯ ಸೋವಿಯತ್ ಜಲಾಂತರ್ಗಾಮಿಯಲ್ಲಿ ಅಣ್ವಸ್ತ್ರದ ಟಾರ್ಪಿಡೊ ಹಾರಿಸಲು ಅದರಲ್ಲಿದ್ದ ಅಧಿಕಾರಿ ವಾಸಿಲಿ ಅರ್ಖಿಪೋವ್ ಒಪ್ಪಲಿಲ್ಲ. 1983ರ ಸೆಪ್ಟೆಂಬರ್ 26ರಂದು ಉಪಗ್ರಹ ವ್ಯವಸ್ಥೆ ತೋರಿಸಿದ ಅಮೆರಿಕದ ಕ್ಷಿಪಣಿ ದಾಳಿಯನ್ನು ಸೋವಿಯತ್ ಅಧಿಕಾರಿ ಸ್ತಾನಿಸ್ಲಾವ್ ಪೆಟ್ರೋವ್ ಸುಳ್ಳು ಎಚ್ಚರಿಕೆಯೆಂದು ತೀರ್ಮಾನಿಸಿದರು. ಒಬ್ಬೊಬ್ಬರ ತಲೆ ತಣ್ಣಗಿದ್ದುದರಿಂದ ದಾಟಿದ ಗಳಿಗೆಗಳನ್ನು ನಾನು ಗೆಲುವಿನ ಲೆಕ್ಕಕ್ಕೆ ಸೇರಿಸಲಾರೆ.

ಅಂಕಿ ಎಲ್ಲಿಂದ ಬಂತು?

ಅಳೆದು ಬಂದ ಅಂಕಿಯೇ ಅಥವಾ ಒಬ್ಬರ ಅಂದಾಜೇ ಎಂದು ವಿಚಾರಿಸಿ. ಅಳೆದ ಅಂಕಿಗೆ ಒಳ್ಳೆಯ ಮಾದರಿ 2024 ವೈಆರ್4 ಎಂಬ ಕ್ಷುದ್ರಗ್ರಹ. ಅದು ಕಣ್ಣಿಗೆ ಬಿದ್ದದ್ದು 2024ರ ಡಿಸೆಂಬರ್ 27ರಂದು, ಚಿಲಿಯ ದೂರದರ್ಶಕಕ್ಕೆ. 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಂಭವ ಮೊದಲು ಶೇ 1ರ ಆಸುಪಾಸಿತ್ತು, 2025ರ ಫೆಬ್ರವರಿ 18ಕ್ಕೆ ಶೇ 3.1ಕ್ಕೆ ಏರಿತು, ಮುಂದಿನ ವಾರದೊಳಗೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಬೀಳಬಹುದಾದ ಜಾಗಗಳ ಸಾಲಿನಲ್ಲಿ ಅರಬ್ಬಿ ಸಮುದ್ರ, ದಕ್ಷಿಣ ಏಷ್ಯಾ ಇದ್ದುದರಿಂದ ನಮ್ಮಲ್ಲೂ ಗದ್ದಲವಾಯಿತು. ಮೊದಲು ಹೆದರಿಸಿ ಆಮೇಲೆ ಮುಚ್ಚಿಹಾಕಿದರು ಎಂದು ಸಿಬ್ಬಂದಿ ಕೊಠಡಿಯಲ್ಲೇ ಕೆಲವರು ವಾದಿಸಿದರು.

ಏರಿ ಇಳಿಯುವುದು ಈ ಲೆಕ್ಕದ ಸಹಜ ಗುಣ. ಕ್ಷುದ್ರಗ್ರಹ ಆ ದಿನ ಎಲ್ಲಿರಬಹುದೆಂಬ ಪಟ್ಟಿ (ಬಾಹ್ಯಾಕಾಶದಲ್ಲಿ ಚಾಚಿದ ಹರವು) ಮೊದಲು ಬಹಳ ಉದ್ದವಾಗಿರುತ್ತದೆ, ಭೂಮಿ ಅದರಲ್ಲಿ ಒಂದು ಸಣ್ಣ ಪಾಲು. ಪ್ರತಿ ರಾತ್ರಿಯ ಹೊಸ ಅಳತೆಯಿಂದ ಪಟ್ಟಿ ಗಿಡ್ಡವಾಗುತ್ತದೆ. ಭೂಮಿಯ ಗಾತ್ರ ಬದಲಾಗುವುದಿಲ್ಲ, ಹಾಗಾಗಿ ಅದು ಪಟ್ಟಿಯೊಳಗೆ ಇರುವವರೆಗೂ ಅದರ ಪಾಲು ಹೆಚ್ಚುತ್ತಲೇ ಹೋಗುತ್ತದೆ. ಪಟ್ಟಿಯ ತುದಿ ಭೂಮಿಯನ್ನು ದಾಟಿ ಸರಿದೊಡನೆ ಸಂಭವ ಕುಸಿಯುತ್ತದೆ. ಮುಂದಿನ ಬಾರಿ "ಅಪಾಯ ದುಪ್ಪಟ್ಟು" ಎಂಬ ಶೀರ್ಷಿಕೆ ಕಂಡರೆ ಇದನ್ನು ನೆನೆಯಿರಿ. ಜೊತೆಗೆ ಗಾತ್ರವನ್ನೂ ನೋಡಿ: ಈ ಕಲ್ಲು ಸುಮಾರು 60 ಮೀಟರ್. ಒಂದು ನಗರಕ್ಕೆ ಘೋರ, ಮನುಕುಲಕ್ಕೆ ಅಲ್ಲ. ಸಂಭವ ಶೇ 3.1 ಇದ್ದ ದಿನವೂ ಅದರಿಂದ ಅಳಿಯುವ ಸಂಭವ ಸೊನ್ನೆಯೇ ಆಗಿತ್ತು. ಒಂದು ಕಿಲೋಮೀಟರಿಗಿಂತ ದೊಡ್ಡ, ಭೂಮಿಯ ಬಳಿ ಸುಳಿಯುವ ಕಲ್ಲುಗಳಲ್ಲಿ ಶೇ 90ಕ್ಕೂ ಹೆಚ್ಚು ಈಗಾಗಲೇ ಲೆಕ್ಕಕ್ಕೆ ಸಿಕ್ಕಿವೆ. ತಳ್ಳಿ ನೋಡುವ ಪ್ರಯೋಗವೂ ಆಗಿದೆ: 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಗುದ್ದಿ, ಅದು ತನ್ನ ಜೊತೆಗಿನ ದೊಡ್ಡ ಕಲ್ಲನ್ನು ಸುತ್ತುವ ಅವಧಿಯನ್ನು ಅರ್ಧ ಗಂಟೆಯಷ್ಟು ಕಡಿಮೆ ಮಾಡಿತು.

ಅಭಿಪ್ರಾಯದ ಅಂಕಿಗಳು ಬೇರೆ ಜಾತಿಯವು. ಆಕ್ಸ್‌ಫರ್ಡ್‌ನ ತತ್ವಶಾಸ್ತ್ರಜ್ಞ ಟೋಬಿ ಆರ್ಡ್ 2020ರಲ್ಲಿ ಮುಂದಿನ ನೂರು ವರ್ಷಕ್ಕೆ ಆರರಲ್ಲಿ ಒಂದು ಎಂದರು. ಅವರ ಅಂಕಿಯಲ್ಲಿ ಅಳಿವಿನ ಜೊತೆಗೆ ಮತ್ತೆ ಚೇತರಿಸಿಕೊಳ್ಳಲಾಗದ ಪತನವೂ ಸೇರಿದೆ. ಮೂರನೆಯ ಜಾಗ ತುಂಬಿಸಿದ್ದರೆ ನಿಮಗೆ ಇದು ತಕ್ಷಣ ಕಾಣುತ್ತದೆ. 2022ರಲ್ಲಿ ಮುನ್ಸೂಚನೆಯಲ್ಲಿ ಪಳಗಿದವರನ್ನೂ ವಿಷಯ ತಜ್ಞರನ್ನೂ ಸೇರಿಸಿ ತಿಂಗಳುಗಟ್ಟಲೆ ಚರ್ಚೆ ನಡೆಸಲಾಯಿತು. 2100ರೊಳಗೆ ಅಳಿವಿನ ಸಂಭವ ತಜ್ಞರ ಮಧ್ಯಾಂಕದಲ್ಲಿ (ಎಲ್ಲರ ಅಂಕಿಗಳನ್ನು ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು) ಶೇ 6, ಮುನ್ಸೂಚಕರ ಮಧ್ಯಾಂಕದಲ್ಲಿ ಶೇ 1. ಕೃತಕ ಬುದ್ಧಿಮತ್ತೆಯೊಂದರಿಂದಲೇ ಆಗುವ ಅಳಿವಿಗೆ ತಜ್ಞರು ಶೇ 3 ಕೊಟ್ಟರೆ ಮುನ್ಸೂಚಕರು ಶೇ 0.38 ಕೊಟ್ಟರು. ಅಷ್ಟು ವಾದಿಸಿಯೂ ಎರಡು ಗುಂಪುಗಳು ಹತ್ತಿರ ಬರಲಿಲ್ಲ. ಇಂಥಲ್ಲಿ ಸರಾಸರಿ ತೆಗೆಯಬೇಡಿ. ಎರಡು ತುದಿಗಳನ್ನೂ ಬರೆದಿಟ್ಟುಕೊಳ್ಳಿ. ಆ ಅಂತರವೇ ನಮಗೆ ತಿಳಿದಿರುವುದು ಎಷ್ಟು ಕಡಿಮೆ ಎಂಬುದರ ಅಳತೆ.

ಪ್ರಳಯದ ಗಡಿಯಾರ ಎಂದು ಪ್ರತಿ ವರ್ಷ ಜನವರಿಯಲ್ಲಿ ಸುದ್ದಿಯಾಗುವುದಕ್ಕೆ ಸಂಭವನೀಯತೆಯ ಅರ್ಥವೇ ಇಲ್ಲ. 1947ರಲ್ಲಿ ಮಧ್ಯರಾತ್ರಿಗೆ 7 ನಿಮಿಷ, 1991ರಲ್ಲಿ 17 ನಿಮಿಷ, 2025ರಲ್ಲಿ 89 ಸೆಕೆಂಡ್. ಅದು ಪರಮಾಣು ವಿಜ್ಞಾನಿಗಳ ಪತ್ರಿಕೆಯೊಂದು ಕೊಡುವ ಎಚ್ಚರಿಕೆ. ಅದನ್ನು ಭಾಗಿಸಲು ಹೋಗಬೇಡಿ.

ವರ್ಷದ ಅಂಕಿಯನ್ನು ಜೀವಮಾನಕ್ಕೆ ತನ್ನಿ

ವರ್ಷಕ್ಕೆ ಸಾವಿರದಲ್ಲಿ ಒಂದು ಎಂದರೆ ಸಣ್ಣದೆನಿಸುತ್ತದೆ. ಆಗ ಒಂದು ವರ್ಷ ಉಳಿಯುವ ಸಂಭವ 0.999; 75 ವರ್ಷಕ್ಕೆ ಅದನ್ನು 75 ಸಲ ಬರೆದು ಎಲ್ಲವನ್ನೂ ಗುಣಿಸಿ, ಬಂದದ್ದನ್ನು ಒಂದರಿಂದ ಕಳೆಯಿರಿ: ಶೇ 7.2. ಈಗ ಹುಟ್ಟಿದ ಮಗುವಿನ ಆಯುಷ್ಯಕ್ಕೆ ಅದು ಸಣ್ಣದಲ್ಲ. ಇಂಥ ಲೆಕ್ಕವನ್ನು ಚಿಕ್ಕ ಮಕ್ಕಳ ಮುಂದೆ ಇಡಬೇಡಿ. ಅವರು ಕೇಳಿದರೆ ಆಕಾಶವನ್ನು ಪ್ರತಿ ರಾತ್ರಿ ಕಾಯುವವರಿದ್ದಾರೆ ಎಂದು ಹೇಳಿ. ಅದು ನಿಜವೂ ಹೌದು. ಹದಿಹರೆಯದವರ ಕೈಗೆ ನೋಟ್‌ಬುಕ್ಕು ಕೊಡಿ. ಹೆದರಿಕೆಯಿಂದ ಮಗು ಊಟ ಬಿಟ್ಟಿದ್ದರೆ, ನಿದ್ದೆ ಮಾಡದಿದ್ದರೆ ಲೆಕ್ಕವನ್ನು ಪಕ್ಕಕ್ಕಿಟ್ಟು ಮೊದಲು ಅದರ ಹತ್ತಿರ ಕುಳಿತುಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ.

ಕೊನೆಗೆ ನಿಮ್ಮದೇ ಅಂಕಿಯನ್ನು ಬರೆಯಿರಿ, ಪಕ್ಕದಲ್ಲಿ ದಿನಾಂಕ ಹಾಕಿ. ನನ್ನದು ಹೀಗಿದೆ: 2100ರೊಳಗೆ ನೈಸರ್ಗಿಕ ಕಾರಣಗಳಿಂದ ಸಾವಿರದಲ್ಲಿ ಒಂದಕ್ಕಿಂತ ಕಡಿಮೆ, ಮನುಷ್ಯನೇ ತಂದುಕೊಳ್ಳುವ ಕಾರಣಗಳಿಂದ ನೂರರಲ್ಲಿ ಒಂದರಿಂದ ಮೂರು. ಮೊದಲನೆಯದರ ಹಿಂದೆ ಲೆಕ್ಕವಿದೆ, ಎರಡನೆಯದು ನನ್ನ ಅಭಿಪ್ರಾಯ. ಎರಡರ ಎದುರಿಗೂ ಹಾಗೆಂದೇ ಗುರುತು ಹಾಕಿದ್ದೇನೆ. ಎರಡನೆಯದನ್ನು ಏರಿಸುವ ಮತ್ತು ಇಳಿಸುವ ಸುದ್ದಿಗಳಿಗೆ ಒಂದು ಪುಟ ಬಿಡಿ. ನನ್ನ ಪುಟದಲ್ಲಿ ಏರಿಕೆಯ ಕಡೆ ಅಮೆರಿಕ–ರಷ್ಯಾಗಳ ಸಿಡಿತಲೆಗಳಿಗೆ ಮಿತಿ ಹಾಕಿದ್ದ ಕೊನೆಯ ಒಪ್ಪಂದದ ಅವಧಿ 2026ರ ಫೆಬ್ರವರಿ 5ಕ್ಕೆ ಮುಗಿದದ್ದು ಇದೆ. ಇಳಿಕೆಯ ಕಡೆ 2024ರ ಡಿಸೆಂಬರ್‌ನ ಒಂದು ಸಂಗತಿ ಇದೆ: ನಮ್ಮ ದೇಹದ ರಕ್ಷಣೆಗೆ ಸಿಗದೆ ಹರಡಬಹುದಾದ, ಅಣುಗಳ ರಚನೆಯೇ ಎಡಬಲ ತಿರುಗಿದ ಕನ್ನಡಿ ಪ್ರತಿಬಿಂಬದಂಥ ಬ್ಯಾಕ್ಟೀರಿಯಾವನ್ನು ಯಾರೂ ತಯಾರಿಸಬಾರದೆಂದು 38 ವಿಜ್ಞಾನಿಗಳು ಒಟ್ಟಾಗಿ ಕೇಳಿಕೊಂಡರು. ಅಂಥದ್ದನ್ನು ರೂಪಿಸುವ ದಾರಿಯಲ್ಲಿ ಕೆಲಸ ಮಾಡುತ್ತಿದ್ದವರೂ ಆ 38 ಜನರಲ್ಲಿದ್ದರು.