ತಿಂಗಳ ಕೊನೆಗೆ ಕೆಲಸ, ಏಪ್ರಿಲ್‌ನಲ್ಲಿ ಸಂಬಳ

ಶೇರು ವ್ಯಾಪಾರದಿಂದ ಮನೆ ನಡೆಸುತ್ತೇನೆ ಅಂದರೆ, ದಿನವಿಡೀ ಸ್ಕ್ರೀನ್ ಮುಂದೆ ಕೂತಿರುತ್ತೇನೆ ಅಂತಲೇ ಜನ ತಿಳಿಯುತ್ತಾರೆ. ನನಗೆ ಕೆಲಸ ಇರುವುದು ತಿಂಗಳಿಗೆ ಎರಡು ದಿನ. ಉಳಿದ ದಿನ ಖಾತೆಗೆ ಕೈ ಹಾಕದೆ ಇರುವುದೇ ಕಷ್ಟ. ಶಿವಮೊಗ್ಗದಲ್ಲಿ ಸ್ವಂತ ಮನೆ, ಬಾಡಿಗೆ ಇಲ್ಲ. ಹೆಂಡತಿ ಟೀಚರ್, ಅವಳ ಸಂಬಳ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಪದ್ಧತಿಯಲ್ಲಿ ಗುಟ್ಟೇನಿಲ್ಲ. ನಿಫ್ಟಿ 200, ಅಂದರೆ ರಾಷ್ಟ್ರೀಯ ಶೇರುಪೇಟೆ ಎನ್‌ಎಸ್‌ಇಯ 200 ದೊಡ್ಡ ಕಂಪನಿಗಳ ಪಟ್ಟಿ, ಅದರಲ್ಲಿರುವ ಕಂಪನಿಗಳನ್ನಷ್ಟೇ ನೋಡುತ್ತೇನೆ. ತಿಂಗಳ ಕೊನೆಯ ವಹಿವಾಟಿನ ದಿನ ಸಂಜೆ ಎನ್‌ಎಸ್‌ಇಯ ಭಾವ್‌ಕಾಪಿ (ಆ ದಿನದ ಎಲ್ಲ ಶೇರುಗಳ ಬೆಲೆಪಟ್ಟಿ) ಇಳಿಸಿಕೊಳ್ಳುತ್ತೇನೆ. ಒಂದೊಂದು ಶೇರೂ 6 ತಿಂಗಳಲ್ಲಿ, 12 ತಿಂಗಳಲ್ಲಿ ಎಷ್ಟು ಏರಿದೆ ಅಂತ ನೋಡಿ, ಅದನ್ನು ಆ ಶೇರಿನ ಏರಿಳಿತದಿಂದ ಭಾಗಿಸುತ್ತೇನೆ. ಹಾಗೆ ಬಂದ ಅಂಕದ ಪ್ರಕಾರ ಸಾಲಾಗಿ ಜೋಡಿಸಿದರೆ ಮೇಲಿನ 20 ಶೇರು ಕೊಳ್ಳಬೇಕಾದವು. ಎನ್‌ಎಸ್‌ಇಯ ನಿಫ್ಟಿ 200 ಮೊಮೆಂಟಮ್ 30 ಸೂಚ್ಯಂಕವೂ ಹೆಚ್ಚುಕಡಿಮೆ ಇದೇ ದಾರಿಯದು. ಅದರ ಪಟ್ಟಿ ಬದಲಾಗುವುದು ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್‌ನಲ್ಲಿ.

ಕೊಂಡ ಶೇರು 20ನೇ ಸ್ಥಾನದಿಂದ ಕೆಳಗೆ ಜಾರಿದ ತಕ್ಷಣ ಮಾರುವುದಿಲ್ಲ. 40ನೇ ಸ್ಥಾನ ದಾಟಿ ಕೆಳಗೆ ಹೋದರೆ ಮಾತ್ರ ಮಾರಾಟ. ಯಾಕೆ ಅಂದರೆ ಖರ್ಚು. ಒಂದು ಲಕ್ಷದ ಶೇರು ಮಾರಿ ಇನ್ನೊಂದು ಕೊಂಡರೆ ಎಸ್‌ಟಿಟಿ (ಶೇರು ವಹಿವಾಟಿನ ತೆರಿಗೆ) ಮಾರುವಾಗ 100 ರೂಪಾಯಿ, ಕೊಳ್ಳುವಾಗ 100, ಸ್ಟ್ಯಾಂಪ್ ಡ್ಯೂಟಿ 15. ಅದು ಚಿಲ್ಲರೆ. ವರ್ಷ ತುಂಬುವ ಮೊದಲೇ ಮಾರಿದ ಲಾಭದ ಮೇಲೆ 20% ತೆರಿಗೆ ಇದೆಯಲ್ಲ, ಅದು ನೋವು. 2024ರ ಜುಲೈ 23ರ ಬಜೆಟ್‌ಗೆ ಮುಂಚೆ ಅದು 15% ಇತ್ತು.

ಇನ್ನೊಂದು ನಿಯಮ: ನಿಫ್ಟಿ (ಎನ್‌ಎಸ್‌ಇಯ 50 ದೊಡ್ಡ ಕಂಪನಿಗಳ ಸೂಚ್ಯಂಕ) ತನ್ನ 200 ದಿನದ ಸರಾಸರಿಗಿಂತ ಕೆಳಗಿದ್ದರೆ ಹೊಸ ಖರೀದಿ ಇಲ್ಲ. ಮಾರಿ ಬಂದ ದುಡ್ಡು ಹಾಗೇ ಇರುತ್ತದೆ.

ತಿಂಗಳ ಕೊನೆಯ ಸಂಜೆ ಜಾಸ್ತಿ ಹೊತ್ತು ಹೋಗುವುದು ಬೋನಸ್, ಸ್ಪ್ಲಿಟ್ ಹುಡುಕುವುದರಲ್ಲಿ. 2024ರ ಅಕ್ಟೋಬರ್ ಕೊನೆಗೆ ರಿಲಯನ್ಸ್ 1:1 ಬೋನಸ್ ಕೊಟ್ಟಿತು, ಅಂದರೆ ಒಂದು ಶೇರಿಗೆ ಇನ್ನೊಂದು ಪುಕ್ಕಟೆ; ಶೇರು ಎರಡಾದಾಗ ಒಂದೊಂದರ ಬೆಲೆ ಅರ್ಧವಾಗುತ್ತದೆ. ಒಂದು ಶೇರನ್ನು ಹಲವಾಗಿ ಒಡೆಯುವ ಸ್ಪ್ಲಿಟ್‌ನಲ್ಲೂ ಹೀಗೇ. ಭಾವ್‌ಕಾಪಿಯ ಬೆಲೆಯನ್ನು ಹಾಗೇ ತೆಗೆದುಕೊಂಡರೆ ಶೇರು ಒಂದೇ ದಿನ ಅರ್ಧಕ್ಕೆ ಬಿದ್ದ ಹಾಗೆ ಕಾಣುತ್ತದೆ. ಲೆಕ್ಕ ಹಾಕುವ ಪ್ರೋಗ್ರಾಂಗೆ ಏನು ಗೊತ್ತು ಪಾಪ, ಪಟ್ಟಿಯ ತಳಕ್ಕೆ ತಳ್ಳಿಬಿಡುತ್ತದೆ. ಹಾಗಾಗಿ ಒಂದೇ ದಿನ 20%ಕ್ಕಿಂತ ಜಾಸ್ತಿ ಬಿದ್ದ ಶೇರುಗಳನ್ನೆಲ್ಲ ಬೇರೆ ಮಾಡಿಸಿ, ಕಂಪನಿಯ ಪ್ರಕಟಣೆ ತೆಗೆದು ನಾನೇ ಓದುತ್ತೇನೆ. ಕೆಲವು ಸಲ ಬೋನಸ್ ಅಲ್ಲ, ನಿಜವಾದ ಕುಸಿತವೇ ಆಗಿರುತ್ತದೆ. ಗೃಹಸಾಲ ಕೊಡುತ್ತಿದ್ದ ಡಿಎಚ್‌ಎಫ್‌ಎಲ್ ಕಂಪನಿಯ ಶೇರು 2018ರ ಸೆಪ್ಟೆಂಬರ್ 21ರಂದು ಒಂದೇ ದಿನ 40%ಕ್ಕಿಂತ ಜಾಸ್ತಿ ಬಿದ್ದಿತ್ತು. 2021ರಲ್ಲಿ ಅದರ ಶೇರುದಾರರಿಗೆ ಏನೂ ಉಳಿಯಲಿಲ್ಲ. ಇವತ್ತಿನ ಪಟ್ಟಿ ಇಟ್ಟುಕೊಂಡು ಹಳೆಯ ವರ್ಷಗಳ ಬ್ಯಾಕ್‌ಟೆಸ್ಟ್ (ಈ ಪದ್ಧತಿ ಆಗ ಎಷ್ಟು ಗಳಿಸುತ್ತಿತ್ತು ಅನ್ನುವ ಪರೀಕ್ಷೆ) ಮಾಡಿದರೆ ಇಂಥ ಕಂಪನಿ ಅದರಲ್ಲಿ ಇರುವುದೇ ಇಲ್ಲ. ಫಲಿತಾಂಶ ಚೆಂದ ಕಾಣದೆ ಇನ್ನೇನು? ಆಯಾ ವರ್ಷದ ಪಟ್ಟಿಯನ್ನೇ ಜೋಡಿಸಿಕೊಳ್ಳಬೇಕು, ಬೇಜಾರಿನ ಕೆಲಸವಾದರೂ.

ಮಾರನೇ ವಹಿವಾಟಿನ ದಿನ ಬೆಳಿಗ್ಗೆ 9:15ಕ್ಕೆ ಮಾರುಕಟ್ಟೆ ತೆರೆಯುವಾಗಿನ ಗಲಾಟೆ ಮುಗಿಯಲು ಬಿಟ್ಟು, ಹತ್ತು ಗಂಟೆ ಮೇಲೆ ಲಿಮಿಟ್ ಆರ್ಡರ್ (ಬೆಲೆ ನಾನೇ ಗೊತ್ತುಮಾಡಿದ ಆರ್ಡರ್) ಹಾಕುತ್ತೇನೆ. ಅಲ್ಲಿಗೆ ಮುಗಿಯಿತು.

ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಇದರಿಂದ ತಿಂಗಳ ರೇಷನ್ ತರುವುದು ಮಾತ್ರ ಬೇರೆಯೇ ವಿದ್ಯೆ. 60 ಲಕ್ಷ ಬಂಡವಾಳ ಅಂತಿಟ್ಟುಕೊಳ್ಳಿ. ತಿಂಗಳಿಗೆ 40,000 ತೆಗೆದರೆ ವರ್ಷಕ್ಕೆ 4.8 ಲಕ್ಷ. ಆ ವರ್ಷವೇ ಶೇರುಗಳು 25% ಬಿದ್ದರೆ 60 ಹೋಗಿ 45 ಆಗುತ್ತದೆ, ಮನೆ ಖರ್ಚು ಕಳೆದರೆ 40.2 ಲಕ್ಷ. ಮತ್ತೆ 60 ಮುಟ್ಟಲು 49% ಏರಬೇಕು. ಅಷ್ಟರಲ್ಲಿ ಮುಂದಿನ ವರ್ಷದ ಖರ್ಚು ಬಾಗಿಲಲ್ಲಿ ನಿಂತಿರುತ್ತದೆ.

ಅದಕ್ಕೇ ಟ್ರೇಡಿಂಗ್ ಖಾತೆಯಿಂದ ಮನೆಗೆ ನೇರವಾಗಿ ದುಡ್ಡು ಬರುವುದಿಲ್ಲ. ಎರಡು ವರ್ಷದ ಖರ್ಚು ಬ್ಯಾಂಕಿನಲ್ಲಿದೆ. ಒಂದೇ ದೊಡ್ಡ ಎಫ್‌ಡಿ ಮಾಡದೆ, ಮೂರು ತಿಂಗಳಿಗೊಂದು ಮುಗಿಯುವ ಹಾಗೆ ಸಣ್ಣ ಸಣ್ಣದಾಗಿ ಮಾಡಿಟ್ಟಿದ್ದೇನೆ. ಏಪ್ರಿಲ್ 1ಕ್ಕೆ ಬಂಡವಾಳ ಎಷ್ಟಿದೆಯೋ ಅದರ 6% ನನ್ನ ವರ್ಷದ ಸಂಬಳ. ಒಳ್ಳೆಯ ವರ್ಷ ಎಫ್‌ಡಿ ತುಂಬಿಸುತ್ತೇನೆ, ಕೆಟ್ಟ ವರ್ಷ ಶೇರು ಮುಟ್ಟದೆ ಎಫ್‌ಡಿ ಕರಗಿಸುತ್ತೇನೆ. ನಮ್ಮ ಕಡೆ ಅಡಿಕೆ ತೋಟದವರಿಗೆ ಇದು ಹೊಸದಲ್ಲ. ಕೊಯ್ಲಿನ ದುಡ್ಡು ಒಮ್ಮೆ ಬರುತ್ತದೆ, ವರ್ಷವೆಲ್ಲ ಅದನ್ನೇ ಹಂಚಿಕೊಂಡು ಉಣ್ಣಬೇಕು.

ಈ ಏರ್ಪಾಡಿಗೆ ಪರೀಕ್ಷೆ ಬಂದಿದ್ದು 2024ರ ಕೊನೆಗೆ. ಸೆಪ್ಟೆಂಬರ್‌ನಲ್ಲಿ 26,277 ಮುಟ್ಟಿದ ನಿಫ್ಟಿ ಅಕ್ಟೋಬರ್‌ನಿಂದ ಸತತ ಐದು ತಿಂಗಳು ಇಳಿಯಿತು. ಫೆಬ್ರವರಿ ಕೊನೆಗೆ 22,125ರ ಹತ್ತಿರ, ಅಂದರೆ ಸುಮಾರು 16% ಕೆಳಗೆ. ನನ್ನ ಶೇರುಗಳು ಅದಕ್ಕಿಂತ ಜಾಸ್ತಿ ಬಿದ್ದವು. ಜೋರಾಗಿ ಏರಿದ್ದನ್ನೇ ಆರಿಸಿಕೊಳ್ಳುವ ಪದ್ಧತಿ ಇಳಿಯುವಾಗಲೂ ಜೋರಾಗಿಯೇ ಇಳಿಯುತ್ತದೆ, ಅದು ಅದರ ಗುಣ. ಡಿಸೆಂಬರ್ ಕೊನೆಯಿಂದ ಖರೀದಿ ನಿಂತಿತು, ಮತ್ತೆ ಶುರುವಾಗಿದ್ದು ಏಪ್ರಿಲ್ ಕೊನೆಗೆ. ಆ ವರ್ಷ ನನ್ನ ಸಂಬಳ ಹೆಚ್ಚುಕಡಿಮೆ ಕಾಲು ಭಾಗ ಇಳಿಯಿತು. ಸ್ಕೂಟರ್ ಬದಲಿಸುವುದು ಮುಂದಕ್ಕೆ ಹೋಯಿತು. ಮಗಳ ಫೀಸು ಸರಿಯಾದ ಹೊತ್ತಿಗೆ ಕಟ್ಟಿದ್ದಾಯಿತು.

ಅಪ್ಪ ಮಾತ್ರ ಇವತ್ತಿಗೂ ಸಂಜೆಯಾದರೆ "ಇವತ್ತು ಎಷ್ಟು ಬಂತೋ?" ಅಂತ ಕೇಳುತ್ತಾರೆ. "ಏಪ್ರಿಲ್‌ಗೆ ಹೇಳ್ತೀನಪ್ಪಾ" ಅನ್ನುತ್ತೇನೆ. ಗೃಹಸಾಲದ ಟಾಪ್‌ಅಪ್‌ಗೆ ಹೋದಾಗ ಬ್ಯಾಂಕಿನವರು ಸ್ಯಾಲರಿ ಸ್ಲಿಪ್ ಕೇಳಿದರು. ಮೂರು ವರ್ಷದ ಐಟಿ ರಿಟರ್ನ್ ಮುಂದಿಟ್ಟರೂ ಮುಖ ಅರಳಲಿಲ್ಲ, ಸಾಲ ಹೆಂಡತಿಯ ಹೆಸರಲ್ಲಿ ಆಯಿತು.

ಇದರ ಬದಲು ಆಪ್ಷನ್ಸ್ (ಮುಂದಿನ ಬೆಲೆಯ ಮೇಲೆ ಮಾಡುವ ಒಪ್ಪಂದಗಳ ವ್ಯಾಪಾರ) ಮಾಡಬಹುದಲ್ವಾ, ವಾರವಾರ ದುಡ್ಡು ಬರುತ್ತೆ ಅಂತ ಹುಡುಗರು ಕೇಳುತ್ತಾರೆ. ಶೇರುಪೇಟೆಯ ನಿಯಂತ್ರಕ ಸೆಬಿಯ 2024ರ ಸೆಪ್ಟೆಂಬರ್‌ನ ವರದಿ ತೋರಿಸುತ್ತೇನೆ. ಮೂರು ವರ್ಷದಲ್ಲಿ ಎಫ್ ಆಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಮಾಡಿದ ಬಿಡಿ ವ್ಯಾಪಾರಿಗಳಲ್ಲಿ 93% ಜನ ಕಳೆದುಕೊಂಡಿದ್ದಾರೆ, ಎಲ್ಲ ಸೇರಿ 1.8 ಲಕ್ಷ ಕೋಟಿಗೂ ಮೀರಿ. ಅದೇ ವರ್ಷದ ನವೆಂಬರ್‌ನಿಂದ ಒಂದು ಎಕ್ಸ್‌ಚೇಂಜ್‌ಗೆ ಒಂದೇ ಸೂಚ್ಯಂಕದ ವಾರದ ಎಕ್ಸ್‌ಪೈರಿ (ವಾರಕ್ಕೊಮ್ಮೆ ಒಪ್ಪಂದ ಮುಗಿಯುವ ದಿನ) ಅಂತಾಯಿತು. ಬ್ಯಾಂಕ್ ನಿಫ್ಟಿಯ ವಾರದ ಎಕ್ಸ್‌ಪೈರಿಯನ್ನೇ ನಂಬಿ ಕಟ್ಟಿದ ಪದ್ಧತಿಗಳು ಒಂದು ಸುತ್ತೋಲೆಗೆ ನಿಂತುಹೋದವು.

ಆಮೇಲೆ ಬರುವ ಪ್ರಶ್ನೆ: "ಅಣ್ಣಾ, ನನ್ ಹತ್ರ ಐದು ಲಕ್ಷ ಇದೆ, ಕೆಲಸ ಬಿಡ್ಲಾ?" ಐದು ಲಕ್ಷದ 6% ಅಂದರೆ ವರ್ಷಕ್ಕೆ 30,000. ತಿಂಗಳಿಗೆ 2,500. ಕೆಲಸ ಬಿಡಬೇಡ, ಸಂಬಳದಲ್ಲಿ ಉಳಿದದ್ದನ್ನು ಇದಕ್ಕೆ ಸೇರಿಸುತ್ತಾ ಹೋಗು, ತಿಂಗಳಿಗೆ ಎರಡು ದಿನದ ಕೆಲಸ ತಾನೇ ಅನ್ನುತ್ತೇನೆ.