ಶಸ್ತ್ರಚಿಕಿತ್ಸೆಯ ರೋಗಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವುದು ಹೇಗೆ?

ಆಳಂದ, ಸೇಡಂ, ಅಫಜಲಪುರದ ಕಡೆಯಿಂದ ಶಸ್ತ್ರಚಿಕಿತ್ಸೆಗೆಂದು ಕಲಬುರಗಿಗೆ ಬರುವ ಕುಟುಂಬದವರು ಹೊಲಿಗೆ, ಕೀವು, ಖರ್ಚಿನ ಬಗ್ಗೆ ವಿಚಾರಿಸುತ್ತಾರೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೀತೇ ಎಂದು ಕೇಳುವವರು ವಿರಳ. ಅಲುಗಾಡದೆ ಮಲಗಿದವರ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುವುದಿಲ್ಲ, ಶಸ್ತ್ರಚಿಕಿತ್ಸೆಯ ಗಾಯದಿಂದ ರಕ್ತ ಹೆಪ್ಪುಗಟ್ಟುವ ಗುಣವೂ ಹೆಚ್ಚಿರುತ್ತದೆ. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು.

ಮೊದಲು ಮಾಡಬೇಕಾದದ್ದು, ದಾಖಲಾದಾಗಲೇ ಅಪಾಯವನ್ನು ಅಳೆಯುವುದು. ಇದಕ್ಕೆ ಬಳಕೆಯಲ್ಲಿರುವ ಕ್ಯಾಪ್ರಿನಿ ಅಂಕಪಟ್ಟಿಯಲ್ಲಿ 41ರಿಂದ 60 ವರ್ಷದವರಿಗೆ 1, 61ರಿಂದ 74ರವರಿಗೆ 2, 75 ಮತ್ತು ಅದಕ್ಕೂ ಹೆಚ್ಚಿನವರಿಗೆ 3 ಅಂಕ. 45 ನಿಮಿಷಕ್ಕೂ ಮೀರಿದ ದೊಡ್ಡ ಶಸ್ತ್ರಚಿಕಿತ್ಸೆಗೆ 2, ಕ್ಯಾನ್ಸರಿಗೆ 2, ಹಿಂದೆ ಹೀಗೆ ಹೆಪ್ಪುಗಟ್ಟಿದ್ದರೆ 3, ಸೊಂಟದ ಮೂಳೆ ಮುರಿದಿದ್ದರೆ 5. ಒಟ್ಟು 5 ಅಥವಾ ಹೆಚ್ಚಾದರೆ ಅಪಾಯ ಹೆಚ್ಚು. ಈ ಲೆಕ್ಕ ಸರಿಯಾಗುವುದು ಮನೆಯವರು ಮುಚ್ಚಿಡದೆ ಹೇಳಿದಾಗ ಮಾತ್ರ: ಗರ್ಭನಿರೋಧಕ ಮಾತ್ರೆ, ಇತ್ತೀಚಿನ ಹೆರಿಗೆ, ಉಬ್ಬಿದ ನರ, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಆದ ಹೆಪ್ಪು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಮುಂದಿನದು ರಕ್ತಸ್ರಾವದ ಅಪಾಯವನ್ನು ನೋಡುವುದು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ವೈದ್ಯರಿಗೆ ತಿಳಿಸಬೇಕು. ಇವೆರಡನ್ನೂ ತೂಗಿಯೇ ವೈದ್ಯರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಾಪ್ಯಾರಿನ್‌ನಂಥ ಚುಚ್ಚುಮದ್ದು ಕೊಡುವುದು. ರಕ್ತಸ್ರಾವದ ಭಯವಿದ್ದಲ್ಲಿ ಕಾಲನ್ನು ಆಗಾಗ ಒತ್ತಿ ಬಿಡುವ ಗಾಳಿಪಟ್ಟಿಯ ಯಂತ್ರವನ್ನು ಬಳಸುತ್ತಾರೆ.

ನನಗೆ ಮುಖ್ಯವೆನಿಸುವುದು ಎಬ್ಬಿಸಿ ನಡೆಸುವ ವಿಷಯ. "ಹೊಲಿಗಿ ಬಿಚ್ಚತಾವ, ಎಬ್ಬಿಸಬ್ಯಾಡ್ರಿ" ಎನ್ನುವ ಅಜ್ಜಿಯ ಕಳಕಳಿ ಪ್ರೀತಿಯದೇ, ಆದರೆ ಸಿಸೇರಿಯನ್ ಆದ ಬಾಣಂತಿಯನ್ನು ದಿನಗಟ್ಟಲೆ ಮಲಗಿಸಿಡುವುದು ಹಾನಿಕರ. ವೈದ್ಯರು ಒಪ್ಪಿದ ಕೂಡಲೇ ಮಂಚದ ಅಂಚಿಗೆ ಕೂರಿಸಿ, ಕೈ ಹಿಡಿದು ನಿಲ್ಲಿಸಿ, ನಾಲ್ಕು ಹೆಜ್ಜೆ ಹಾಕಿಸಬೇಕು. ಮಲಗಿದಲ್ಲೇ ಇದ್ದಾಗ ಪಾದವನ್ನು ಮೇಲೆ ಕೆಳಗೆ ಆಡಿಸಲಿ. ಬೇಸಿಗೆಯ ಬಿಸಿಲಿನ ನಮ್ಮ ಭಾಗದಲ್ಲಿ, ನೀರು ಕುಡಿಯಲು ವೈದ್ಯರ ಅಡ್ಡಿಯಿಲ್ಲದಿದ್ದರೆ ಸಾಕಷ್ಟು ಕುಡಿಸುತ್ತಿರಬೇಕು.

ಮನೆಗೆ ಕಳುಹಿಸಿದ ಮೇಲೂ ಅಪಾಯ ಉಳಿಯುತ್ತದೆ. ಹೊಟ್ಟೆಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಹಲವರಿಗೆ ಸುಮಾರು 4 ವಾರ ಔಷಧಿ ಮುಂದುವರಿಸುತ್ತಾರೆ. ಅದನ್ನು ನಡುವೆ ನಿಲ್ಲಿಸಬಾರದು. ಒಂದೇ ಕಾಲು ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕದೆ ತಕ್ಷಣ ಆಸ್ಪತ್ರೆಗೆ ಕರೆತನ್ನಿ. ಏಕಾಏಕಿ ಉಸಿರುಕಟ್ಟಿದರೆ, ಎದೆ ನೋವು ಬಂದರೆ ಅಥವಾ ಕೆಮ್ಮಿದಾಗ ರಕ್ತ ಕಂಡರೆ 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸೆಯಾದ ದಿನಾಂಕವನ್ನು ತಪ್ಪದೆ ತಿಳಿಸಿ.