ಗಂಟೆ ಬಿಟ್ಟು ಲಯ ಹಿಡಿದೆ: ಹಿರಿಯರ ನಿದ್ದೆ, ನೆನಪು ಮತ್ತು ನನ್ನ ಅನುಭವ

ಹಿರಿಯರ ನಿದ್ದೆಗೂ ನೆನಪಿನ ಪರೀಕ್ಷೆಯ ಅಂಕಕ್ಕೂ ಇರುವ ನಂಟು ಹುಡುಕುತ್ತಾ ಹೆಚ್ಚುಕಡಿಮೆ ಎರಡು ವರ್ಷ ಕಳೆದಿದ್ದೆವು. ಮಣಿಕಟ್ಟಿಗೆ ಆಕ್ಟಿಗ್ರಾಫ್ (ಅಲುಗಾಟ ದಾಖಲಿಸುವ ಗಡಿಯಾರ) ಕಟ್ಟಿ, ರಾತ್ರಿಯ ನಿದ್ದೆ ಎಷ್ಟು ಗಂಟೆ ಎಂದು ಲೆಕ್ಕ ತೆಗೆದು ಅಂಕದ ಎದುರು ಇಟ್ಟರೆ ಗ್ರಾಫಿನಲ್ಲಿ ಚುಕ್ಕಿಗಳೆಲ್ಲ ಚೆಲ್ಲಾಪಿಲ್ಲಿ. ಗಂಟೆ ಬಿಡೋಣ, ಐಎಸ್ (ದಿನದಿಂದ ದಿನಕ್ಕೆ ಲಯ ಎಷ್ಟು ಒಂದೇ ತೆರ ಎಂಬ ಅಳತೆ), ಐವಿ (ಲಯ ಎಷ್ಟು ತುಂಡಾಗಿದೆ ಎಂಬ ಅಳತೆ) ಲೆಕ್ಕ ಹಾಕೋಣ ಎಂದು ನಾನು ಹಟ ಹಿಡಿದಾಗ ತಂಡದಲ್ಲಿ ಬೆಂಬಲ ಸಿಗಲಿಲ್ಲ. ವಯಸ್ಸಾದ ಮಹಿಳೆಯರಲ್ಲಿ ಹಗಲು-ರಾತ್ರಿಯ ಚಟುವಟಿಕೆಯ ಲಯ ಕುಗ್ಗಿದವರಿಗೆ ಮುಂದೆ ಮರೆಗುಳಿತನ ಬರುವ ಸಾಧ್ಯತೆ ಹೆಚ್ಚು ಎಂದು ಟ್ರಾನಾ ಎಂಬ ಸಂಶೋಧಕರ ತಂಡ 2011ರಲ್ಲೇ ತೋರಿಸಿತ್ತು. ಅದನ್ನು ಮುಂದಿಟ್ಟರೂ, ಅಷ್ಟು ದೊಡ್ಡ ಗುಂಪಿನಲ್ಲಿ ಕಂಡದ್ದು ನಮ್ಮ ನೂರರೊಳಗಿನ ಜನರಲ್ಲಿ ಕಾಣುತ್ತದೆಯೇ ಎಂದರು. ಕಂಡಿತು.

ಗಂಟೆಯ ಲೆಕ್ಕ ಹಿರಿಯರಲ್ಲಿ ಕೈಕೊಡುವುದು ಸಹಜವೇ. ಅವರು ಎಚ್ಚರವಿದ್ದೂ ಅಲುಗಾಡದೆ ಮಲಗಿರುತ್ತಾರೆ. ಯಂತ್ರಕ್ಕೆ ಅಲುಗಾಟ ಇಲ್ಲದ್ದೆಲ್ಲ ನಿದ್ದೆ. ಎರಡೂವರೆಯಿಂದ ಬೆಳಗಿನವರೆಗೂ ಕಣ್ಣು ಮುಚ್ಚಲೇ ಇಲ್ಲ ಎಂದು ಒಬ್ಬರು ದಿನಚರಿಯಲ್ಲಿ ಬರೆದ ರಾತ್ರಿಯನ್ನು ಸಾಫ್ಟ್‌ವೇರ್ ಏಳು ಗಂಟೆಯ ಸುಖನಿದ್ದೆ ಎಂದು ತೋರಿಸಿತ್ತು. ಅವರದೇ ಹಗಲಿನ ಗ್ರಾಫ್ ತೆರೆದು ನೋಡಿದೆ: ಹತ್ತಕ್ಕೊಂದು ತಗ್ಗು, ಹನ್ನೆರಡೂವರೆಗೊಂದು, ನಾಲ್ಕಕ್ಕೆ ಮತ್ತೊಂದು. ಕೂತಲ್ಲೇ ಜೋಂಪು. ಈ ತುಂಡುತುಂಡು ಹಗಲು ಐವಿಯಲ್ಲಿ ನೇರವಾಗಿ ಸಿಗುತ್ತದೆ, ಗಂಟೆಯಲ್ಲಿ ಸಿಗುವುದೇ ಇಲ್ಲ.

ಆದರೆ ಮೊದಲ ಸುತ್ತು ನೆಲಕಚ್ಚಿತು. ಮೂರು ದಿನದ ದಾಖಲೆಯಿಂದ ತೆಗೆದ ಐಎಸ್‌ಗೆ ಅರ್ಥವಿಲ್ಲ. ಒಂದು ಮದುವೆ ಮನೆ, ಒಂದು ಜ್ವರ ಸಾಕು, ಅಂಕಿ ಬುಡಮೇಲು. ಎರಡು ವಾರ ಕಟ್ಟಿಸಿದ ಮೇಲೆಯೇ ಅದು ಒಂದು ಹದಕ್ಕೆ ನಿಂತದ್ದು. ದಿನ ಹೆಚ್ಚಿದರೆ ಅಷ್ಟೇ ಗಡಿಯಾರಗಳಲ್ಲಿ ಜನ ಕಡಿಮೆ, ಖರ್ಚು ಹೆಚ್ಚು. ರಬ್ಬರ್ ಪಟ್ಟಿ ತೆಳು ಚರ್ಮಕ್ಕೆ ಗಂದೆ ಎಬ್ಬಿಸಿತು, ಎಲ್ಲವನ್ನೂ ಬಟ್ಟೆಯ ಪಟ್ಟಿಗೆ ಬದಲಿಸಿದೆವು. ಪಟ್ಟಿ, ಬ್ಯಾಟರಿ, ಕಳೆದುಹೋದ ಗಡಿಯಾರ, ಇಷ್ಟಕ್ಕೇ ಉಪಕರಣದ ಹಣದಲ್ಲಿ ಮೂರರಲ್ಲೊಂದು ಪಾಲು ಕರಗಿತು ಎಂದು ನೆನಪು.

ಇನ್ನೊಂದು ಕಾಟ, ರಾತ್ರಿ ಬಿಚ್ಚಿಟ್ಟು ಮಲಗುವವರದು. ಎಲ್5 (ದಿನದಲ್ಲಿ ಅಲುಗಾಟ ತೀರ ಕಡಿಮೆಯಿರುವ ಐದು ಗಂಟೆಗಳ ಸರಾಸರಿ) ಸೊನ್ನೆಯಾಗಿ, ಹಗಲು-ರಾತ್ರಿಯ ಅಂತರ ತೋರಿಸುವ ಆರ್‌ಎ ಒಂದರ ಹತ್ತಿರ ಹೋಗುತ್ತದೆ, ಕಾಗದದ ಮೇಲೆ ಅತ್ಯುತ್ತಮ ಲಯ! ಉಷ್ಣತೆಯ ಸೆನ್ಸರ್ ಅರ್ಧ ಸಹಾಯ ಮಾಡಿತು. ಉಳಿದರ್ಧಕ್ಕೆ ನಾನು ಬರೆದುಕೊಂಡ ಸೂತ್ರ ಸದ್ಯ ನನ್ನ ಬಳಿಯೇ ಇರಲಿ.

ನಿಜವಾದ ತಿರುವು ಬಂದದ್ದು ಪರೀಕ್ಷೆಯ ಹೊತ್ತು ಬದಲಿಸಿದ ಮೇಲೆ. ಹೆಚ್ಚಿನ ಹಿರಿಯರು ಬೆಳಗಿನ ಜೀವಿಗಳು. ಹೊತ್ತು ಇಳಿದಂತೆ ಅವರ ನೆನಪು ಸೊರಗುತ್ತದೆ ಎಂದು ಮೇ, ಹ್ಯಾಶರ್ ಎಂಬ ಸಂಶೋಧಕರು 1993ರಲ್ಲೇ ಬರೆದಿದ್ದರು. ನಮ್ಮಲ್ಲೋ ಪರೀಕ್ಷಕರಿಗೆ ಬಿಡುವಾದಾಗ ಪರೀಕ್ಷೆ. ಅದನ್ನು ಕಿತ್ತುಹಾಕಿ, ಪ್ರತಿಯೊಬ್ಬರ ಎಲ್5 ನಡುಬಿಂದುವಿನಿಂದ ಲೆಕ್ಕ ಹಾಕಿ ಹೊತ್ತು ಗೊತ್ತುಮಾಡಿದೆ. ಎಷ್ಟು ಗಂಟೆಯ ನಂತರ ಎಂಬುದು ಪ್ರಬಂಧ ಅಚ್ಚಾದ ಮೇಲೆ ತಿಳಿಯಲಿ. ಐವಿ ಹೆಚ್ಚಿದ್ದವರಲ್ಲಿ ಕೊಟ್ಟು ಸ್ವಲ್ಪ ಹೊತ್ತಾದ ಮೇಲೆ ನೆನಪಿಸಿಕೊಳ್ಳುವ ಪದಗಳು ಸ್ಪಷ್ಟವಾಗಿ ಕಡಿಮೆ. ವಯಸ್ಸು, ಓದು ಸರಿದೂಗಿಸಿದರೂ ನಂಟು ಉಳಿಯಿತು. ನಿದ್ದೆಯ ಗಂಟೆ ಆಗಲೂ ಮೂಕ.

ನಡುವೆ ಬೆಳಕಿನ ಹುಚ್ಚೂ ಹತ್ತಿತ್ತು: ಲಯವನ್ನು ಹದದಲ್ಲಿಡುವುದು ಬೆಳಕು, ಅದರಲ್ಲೂ ನೀಲಿ. ಮಣಿಕಟ್ಟಿನ ಸೆನ್ಸರ್ ತೋಳಿನ ಬಟ್ಟೆಯೊಳಗೆ ಹೂತು ಕತ್ತಲೆ ದಾಖಲಿಸುತ್ತದೆಂದು ಕಣ್ಣಿನ ಮಟ್ಟದಲ್ಲಿ ಅಳೆದೆ. ಕೋಣೆಯ ಒಳಮೂಲೆಯಲ್ಲಿ ನೂರು ಲಕ್ಸ್ (ಬೆಳಕಿನ ಅಳತೆ) ದಾಟುವುದೇ ಕಷ್ಟ, ಮೋಡವಿದ್ದರೂ ಹೊರಗೆ ಸಾವಿರಾರು. ವಯಸ್ಸಿಗೆ ಹಳದಿಗಟ್ಟಿದ ಕಣ್ಣಿನ ಮಸೂರ ಆ ನೂರರಲ್ಲೂ ನೀಲಿಯನ್ನು ತಡೆಯುತ್ತದೆ. ಡಚ್ ವೃದ್ಧಾಶ್ರಮಗಳಲ್ಲಿ ಹಗಲಿಡೀ ಸುಮಾರು 1000 ಲಕ್ಸ್ ಕೊಟ್ಟಾಗ ಅರಿವಿನ ಕುಸಿತ ಕೊಂಚ ನಿಧಾನವಾಯಿತೆಂಬ 2008ರ ವರದಿ ನೆನಪಾಗಿ, ಕೆಲವರ ಕುರ್ಚಿ ಕಿಟಕಿಗೆ ಸರಿಸಿದೆ. ಐಎಸ್ ಏರಿತು, ಅಂಕ ಕೆಲವೇ ವಾರಗಳಲ್ಲಿ ಕದಲಲಿಲ್ಲ.

ಈಗಲೂ ಕೆಲವರು, ಮರೆವಿನ ರೋಗವೇ ಲಯ ಕೆಡಿಸಿರಬಹುದಲ್ಲ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಅಂಕ ಸರಿಯಿದ್ದೂ ಮಿದುಳಿನಲ್ಲಿ ಅಮಿಲಾಯ್ಡ್ (ಅಲ್ಝೈಮರ್ ರೋಗದಲ್ಲಿ ಶೇಖರವಾಗುವ ಪ್ರೋಟೀನ್) ಸೇರಿದವರಲ್ಲಿ ಲಯ ಆಗಲೇ ತುಂಡಾಗಿರುತ್ತದೆ ಎಂದು ಮ್ಯೂಸಿಕ್ ಎಂಬ ಸಂಶೋಧಕರ ತಂಡ 2018ರಲ್ಲಿ ಕಂಡಿದೆ. ಒಂದೇ ಸಲದ ಅಳತೆಯಿಂದ ಇದು ಬಗೆಹರಿಯದು. ಹಾಗಾಗಿ ಈ ಸಲದ ಹಣದಲ್ಲಿ ಹೊಸ ಗಡಿಯಾರ ಕೊಳ್ಳುತ್ತಿಲ್ಲ. ಅದೇ ಜನರಿಗೆ ಮತ್ತೆ ಎರಡು ವಾರ ಕಟ್ಟಿ, ಅದೇ ಹೊತ್ತಿಗೆ ಪರೀಕ್ಷೆ ಇಡುವುದಕ್ಕೆ ಅಷ್ಟನ್ನೂ ತೆಗೆದಿಟ್ಟಿದ್ದೇವೆ.